ಸೇವಂತಿಗೆ ಹೊಲಕ್ಕೆ ರಾತ್ರಿ ಬಲ್ಬು: 10 ಗುಂಟೆಯ ಡೈರಿ, ತಪ್ಪುಗಳ ಸಮೇತ

ಕೊನೇ ಕುಯ್ಲು ಮುಗಿದು, ಗಿಡ ಕಿತ್ತು ತಿಪ್ಪೆಗೆ ಹಾಕಿ, ವೈರು ಬಲ್ಬು ಎಲ್ಲ ಬಿಚ್ಚಿ ಅಟ್ಟಕ್ಕೆ ಏರಿಸಿದ್ದಾಯ್ತು. ಮುಂದಿನ ಸಲ ಇದೇ ಹಳ್ಳಕ್ಕೆ ಮತ್ತೆ ಬೀಳಬಾರದು ಅಂತ ಡೈರಿಯಲ್ಲಿ ಗೀಚಿಕೊಂಡಿದ್ದನ್ನ ಒಪ್ಪವಾಗಿ ಬರೀತಿದೀನಿ. ಲೆಕ್ಕ ನನ್ನ ಹೊಲದ್ದು, ರೇಟು ನಾನು ಕೊಟ್ಟ ರೇಟು.

ಜಾಗ ಚಿಕ್ಕಬಳ್ಳಾಪುರ ತಾಲ್ಲೂಕು. ನಂದಿಬೆಟ್ಟದ ಮೇಲಿಂದ ರಾತ್ರಿ ಕೆಳಗೆ ನೋಡಿದರೆ ಚೌಕ ಚೌಕವಾಗಿ ಬೆಳಕು ಹಾಸಿದ ಹಾಗೆ ಕಾಣುತ್ತಲ್ಲ, ಅವು ಲೇಔಟಲ್ಲ, ಸೇವಂತಿಗೆ ಹೊಲಗಳು. ಸುತ್ತಮುತ್ತ ವರ್ಷಗಳಿಂದ ಬಲ್ಬು ಹಾಕ್ತಾ ಇದ್ದರೂ ನಮ್ಮ ಮನೇಲಿ ಇದೇ ಮೊದಲು. ಅಪ್ಪ ಮಳೆಗಾಲಕ್ಕೆ ನಾರು ನೆಟ್ಟು ದಸರಾ, ದೀಪಾವಳಿಗೆ ಹೂ ಕುಯ್ಯೋರು. ಬಲ್ಬಿನ ಗೊಡವೆಗೆ ಹೋದವರಲ್ಲ. ನನಗೆ ಯುಗಾದಿಗೆ ಹೂ ಬೇಕಿತ್ತು. ಯುಗಾದಿ ಮಾರ್ಚ್ 30, 2025.

ಬಲ್ಬು ಯಾಕೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ರಾತ್ರಿ ಉದ್ದ ಇರಬೇಕು. ನಮ್ಮ ಕಡೆ ಜೂನ್‌ನಲ್ಲೇ ಹಗಲು 13 ಗಂಟೆ ಮುಟ್ಟಲ್ಲ, ಡಿಸೆಂಬರ್‌ನಲ್ಲಿ ಹನ್ನೊಂದೂವರೆಗೂ ಕಡಿಮೆ. ಹಾಗಾಗಿ ಚಳಿಗಾಲದಲ್ಲಿ ನಾರು ನೆಟ್ಟು ಸುಮ್ಮನೆ ಬಿಟ್ಟರೆ ಗೇಣುದ್ದ ಇರುವಾಗಲೇ ಗಿಡ ಮೊಗ್ಗು ಕಚ್ಚಿಬಿಡುತ್ತೆ. ಕೊಂಬೆ ಇಲ್ಲ, ಹೂ ಇಲ್ಲ, ಗಿಡಕ್ಕೆ ಅಂಗಿ ಗುಂಡಿಯಷ್ಟು ನಾಲ್ಕು ಮೊಗ್ಗು ಅಷ್ಟೆ. ನಡುರಾತ್ರಿ ನಾಲ್ಕು ಗಂಟೆ ಬೆಳಕು ಕೊಟ್ಟು ಕತ್ತಲೆಯನ್ನ ಎರಡು ತುಂಡು ಮಾಡಿದರೆ ಗಿಡ ಅದನ್ನ ಬೇಸಿಗೆಯ ಗಿಡ್ಡ ರಾತ್ರಿ ಅಂತಲೇ ತಿಳಿದು ಎಲೆ ಬಿಡ್ತಾ, ಕೊಂಬೆ ಒಡೀತಾ ಇರುತ್ತೆ. ಬೇಕಾದಷ್ಟು ಬೆಳೆದ ಮೇಲೆ ಬಲ್ಬು ಆರಿಸಿದರೆ ಮೊಗ್ಗಿಗೆ ತಿರುಗುತ್ತೆ. ಹೇಳೋಕೆ ಇಷ್ಟೇ.

ನವೆಂಬರ್ 24ರಿಂದ ಡಿಸೆಂಬರ್ 4, 2024: ತಯಾರಿ

ಜಾಗ 120 ಅಡಿ ಉದ್ದ, 90 ಅಡಿ ಅಗಲ. 4 ಅಡಿಗೊಂದರಂತೆ 22 ಬೆಡ್ಡು, ಮಣ್ಣಿನ ಮೇಲೆ ಹಾಸೋ ಮಲ್ಚಿಂಗ್ ಶೀಟು, ಡ್ರಿಪ್ಪು. ಬೆಡ್ಡಿಗೆ ಎರಡು ಸಾಲು, ಗಿಡದಿಂದ ಗಿಡಕ್ಕೆ ಒಂದಡಿ. ನಾರು 4,800, ಒಂದಕ್ಕೆ ಎರಡೂವರೆ ರೂಪಾಯಿಯಂತೆ 12,000. ನರ್ಸರಿಯವರು ಸೆಂಟ್ ಯೆಲ್ಲೋ ಅಂತ ಕರೆಯೋ ಹಳದಿ ತಳಿ.

ಕರೆಂಟು ತೋಟದ ಮನೆಯ ಮೀಟರಿಂದ. ಪಂಪ್‌ಸೆಟ್ ಲೈನಿಗೆ ತ್ರೀಫೇಸ್ ಹಗಲು ಬರುತ್ತೋ ರಾತ್ರಿ ಬರುತ್ತೋ ದೇವರಿಗೇ ಗೊತ್ತು. ಅದನ್ನ ನಂಬಿ ಗಿಡಕ್ಕೆ ಟೈಮ್‌ಟೇಬಲ್ ಹಾಕೋಕಾಗಲ್ಲ. ಮನೆಯಿಂದ ಹೊಲದ ಮೂಲೆಗೆ 70 ಮೀಟರ್. ತಂದಿದ್ದು ಇಷ್ಟು:

9 ವಾಟಿನ ಎಲ್‌ಇಡಿ ಬಲ್ಬು 48, ತಲಾ 70ರಂತೆ 3,360
ಹೋಲ್ಡರ್ 48, ತಲಾ 15ರಂತೆ 720
ಮೇನ್ ಲೈನಿಗೆ 2.5 ಎಂಎಂ ಟೂ ಕೋರ್ ವೈರು 4,900
ಸಾಲುಗಳಿಗೆ 1 ಎಂಎಂ ಟೂ ಕೋರ್, 90 ಮೀಟರಿನ 3 ಕಾಯಿಲ್, 7,800
ಆರ್‌ಸಿಸಿಬಿ (ಕರೆಂಟು ಎಲ್ಲಾದರೂ ಸೋರಿದರೆ ತಾನೇ ಲೈನ್ ಕತ್ತರಿಸೋ ಸ್ವಿಚ್ಚು), ಎಂಸಿಬಿ (ಲೋಡು ಹೆಚ್ಚಾದರೆ ಬೀಳೋ ಸ್ವಿಚ್ಚು) ಸೇರಿ 2,100
ಮುಳ್ಳು ತಿರುಗೋ ಟೈಮರ್ 750

ಒಟ್ಟು 19,630. ಕಂಬಕ್ಕೆ ನಮ್ಮದೇ ಬದುವಿನ ನೀಲಗಿರಿ ಗಳ.

ಆರ್‌ಸಿಸಿಬಿ ಬೇಡ, ದುಡ್ಡು ದಂಡ ಅಂದವರು ಮೂವರು. ಒದ್ದೆ ನೆಲ, ಬರಿಗಾಲಲ್ಲಿ ಓಡಾಡೋ ಅಪ್ಪ, ತಲೆ ಮೇಲೆ 230 ವೋಲ್ಟು. ಈ ಒಂದರಲ್ಲಿ ನಾನು ಯಾರ ಮಾತೂ ಕೇಳಲಿಲ್ಲ, ಅದು ಸರಿಯೇ ಆಯ್ತು. ಮುಂದೆ ಬರುತ್ತೆ.

ಡಿಸೆಂಬರ್ 5 ಮತ್ತು 7: ನಾಟಿ, ದೀಪ

ಗುರುವಾರ ನಾಟಿ, ಶನಿವಾರ ರಾತ್ರಿ ದೀಪ. 15 ಅಡಿಗೊಂದು ಬಲ್ಬು, ಸಾಲಿಗೆ 8ರಂತೆ 6 ಸಾಲು. ನೆಲದಿಂದ 9 ಅಡಿ ಎತ್ತರ, ಔಷಧಿ ಹೊಡೆಯುವಾಗ ಗನ್ನು ತಾಗಬಾರದು ಅಂತ. ಪಕ್ಕದ ಹೊಲದ ಅಣ್ಣ ಬದುವಿನ ಮೇಲೆ ನಿಂತು ನೋಡಿ, "ಅಷ್ಟು ದೂರ ದೂರ ಸಾಕೇನೋ?" ಅಂದ್ರು. ನಾನು ಫೋನ್ ತೆಗೆದು ಬೆಳಕು ಅಳೆಯೋ ಆ್ಯಪ್ ತೋರಿಸಿದೆ. 90 ಲಕ್ಸ್ ಅಂತ ಬರ್ತಿತ್ತು. ಸೇವಂತಿಗೆಗೆ ಗಿಡದ ತಲೆ ಮಟ್ಟದಲ್ಲಿ ಸುಮಾರು 100 ಲಕ್ಸ್ ಬೇಕು ಅಂತ ಓದಿದ್ದೆ. ಹತ್ತಿರ ಹತ್ತಿರ ಆಯ್ತಲ್ಲ ಅಂತ ಖುಷಿ.

ಈಗ ಯೋಚಿಸಿದರೆ ನಾಚಿಕೆ ಆಗುತ್ತೆ. ಬಲ್ಬಿನ ಕೆಳಗೆ ನಿಂತು, ಫೋನನ್ನ ಎದೆ ಮಟ್ಟದಲ್ಲಿ ಹಿಡಿದು, ಮುಖ ಬಲ್ಬಿನ ಕಡೆಗೇ ತಿರುಗಿಸಿ ಅಳೆದಿದ್ದೆ. ನಾರು ಇರೋದು ನೆಲದಿಂದ ಅರ್ಧ ಅಡಿ ಮೇಲೆ. ಅದರಲ್ಲೂ ಬಲ್ಬಿನ ಕೆಳಗಿನ ನಾರಲ್ಲ, ನಾಲ್ಕು ಬಲ್ಬಿನ ನಟ್ಟನಡುವೆ ಇರೋ ನಾರನ್ನ ಅಳೀಬೇಕಿತ್ತು.

ಟೈಮರ್ ರಾತ್ರಿ 10ರಿಂದ 2.

ಡಿಸೆಂಬರ್ 19: ಮಂಜಿನಲ್ಲಿ ಉರಿಯೋ ಬಲ್ಬು

ಬೆಳಿಗ್ಗೆ ಏಳೂಕಾಲಿಗೆ ಹಾಲು ಡೈರಿಗೆ ಹಾಕಿ ಬರ್ತಾ ಇದ್ದೆ. ಮಂಜು ಕವಿದಿತ್ತು. ಮಂಜಿನೊಳಗೆ ನಲವತ್ತೆಂಟು ಬಲ್ಬೂ ಮದುವೆ ಚಪ್ಪರದ ಹಾಗೆ ಉರೀತಾ ಇವೆ. ಓಡಿ ಹೋಗಿ ಟೈಮರ್ ನೋಡಿದರೆ ಅದರ ಪ್ರಕಾರ ಆಗ ರಾತ್ರಿ ಹತ್ತೂಕಾಲು.

ಅಗ್ಗದ ಮುಳ್ಳಿನ ಟೈಮರ್ ಕರೆಂಟಿನಿಂದಲೇ ತಿರುಗೋದು. ಕರೆಂಟ್ ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತೆ, ಬಂದ ಮೇಲೆ ನಿಂತಲ್ಲಿಂದಲೇ ಹೊರಡುತ್ತೆ. 14ನೇ ತಾರೀಖು ಹಗಲು ಲೈನ್ ಕೆಲಸ ಅಂತ ಆರು ಗಂಟೆ ಕರೆಂಟಿರಲಿಲ್ಲ. 16ಕ್ಕೆ ಮತ್ತೆ ಮೂರು ಗಂಟೆ. ಒಟ್ಟು ಒಂಬತ್ತು ಗಂಟೆ ಹಿಂದೆ ಬಿದ್ದು, ನಮ್ಮ ನಡುರಾತ್ರಿ ದೀಪ ಬೆಳಿಗ್ಗೆ ಏಳಕ್ಕೆ ಹತ್ತಿ ಹನ್ನೊಂದಕ್ಕೆ ಆರ್ತಿತ್ತು. 14, 15ರ ರಾತ್ರಿ ಬೆಳಗಿನ ಜಾವ ನಾಲ್ಕಕ್ಕಾದರೂ ಹತ್ತಿತ್ತು. 16, 17, 18 ಮೂರು ರಾತ್ರಿ ಪೂರ್ತಿ ಕಗ್ಗತ್ತಲು.

ಬಲ್ಬು ಹತ್ತುತ್ತೋ ಇಲ್ಲವೋ ಅಂತ ರಾತ್ರಿ ಎದ್ದು ನೋಡೋ ಕೆಲಸ ಮೊದಲ ವಾರ ಮಾಡಿದ್ದೆ. ಆಮೇಲೆ ಚಳಿ. ಕಂಬಳಿ ಬಿಟ್ಟು ಏಳೋ ಮನಸ್ಸಿಲ್ಲ. ಮಿಷನ್ ಇದೆಯಲ್ಲ ಅನ್ನೋ ಧೈರ್ಯ ಬೇರೆ.

ಅವತ್ತೇ ಪೇಟೆಗೆ ಹೋಗಿ ಒಳಗೆ ಬ್ಯಾಟರಿ ಇರೋ ಡಿಜಿಟಲ್ ಟೈಮರ್ ತಂದೆ, 1,450. ಅಂಗಡಿಯ ಹುಡುಗ ಒಂದು ಒಳ್ಳೇ ಮಾತು ಹೇಳಿದ: "ಅಣ್ಣಾ, ಇಷ್ಟೊಂದು ಎಲ್‌ಇಡಿ ಒಟ್ಟಿಗೆ ಹತ್ತುವಾಗ ಜರ್ಕ್ ಹೊಡೆಯುತ್ತೆ, ಟೈಮರ್ ಪಾಯಿಂಟು ಅಂಟ್ಕೊಂಡುಬಿಡುತ್ತೆ. ಮಧ್ಯೆ ಒಂದು ಕಾಂಟ್ಯಾಕ್ಟರ್ ಹಾಕಿ." ಕಾಂಟ್ಯಾಕ್ಟರ್ ಅಂದರೆ ಭಾರೀ ಲೋಡು ತಡೆಯೋ ಸ್ವಿಚ್ಚು, ಅದಕ್ಕೆ ಇನ್ನೊಂದು 900. ಈಗ ಟೈಮರ್ ಕಾಂಟ್ಯಾಕ್ಟರನ್ನ ಎಳೆಯುತ್ತೆ, ಲೋಡು ಕಾಂಟ್ಯಾಕ್ಟರ್ ಮೇಲೆ. ಕೊನೇವರೆಗೂ ತೊಂದರೆ ಕೊಡಲಿಲ್ಲ.

ಡಿಸೆಂಬರ್ 28: ಕುಡಿ ಚಿವುಟೋ ದಿನ

ನಾಟಿಯಾಗಿ 23 ದಿನ. ಐದು ಜನ ಸಾಲು ಹಿಡಿದು ಕುಡಿ ಚಿವುಟ್ತಾ ಇದ್ದೆವು. ಒಂದು ಕಡೆ ನನ್ನ ಹೆಂಡತಿ ನಿಂತುಬಿಟ್ಟಳು.

"ರೀ, ಇಲ್ಲಿ ಬನ್ರಿ. ಇದಕ್ಕೇನು ಅವಸರ? ಆಗ್ಲೇ ಮೊಗ್ಗು ಕಚ್ಚೈತೆ."

ಕುಡಿಯ ಎಲೆ ಬಿಡಿಸಿ ನೋಡಿದೆ. ಎಳೇ ಎಲೆಗಳ ಮಡಿಲಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಗುಂಡು. ಉಗುರಲ್ಲಿ ಒತ್ತಿದರೆ ಮೆತ್ತಗಲ್ಲ, ಪದರ ಪದರ. ಮೊಗ್ಗೇ. ಕೆಳಗಿನ ಎಲೆ ಅಗಲವಾಗಿ, ಹಲ್ಲು ಹಲ್ಲಾಗಿ ಇದ್ದರೆ ಮೊಗ್ಗಿನ ಪಕ್ಕದ ಎಲೆ ಸಣ್ಣಗೆ ನಾಲಿಗೆ ಹಾಗೆ. ಒಂದು ಸಲ ಕಣ್ಣಿಗೆ ಬಿದ್ದ ಮೇಲೆ ಹತ್ತು ಹೆಜ್ಜೆ ದೂರದಿಂದಲೇ ಗುರುತು ಸಿಗುತ್ತೆ.

ಮೊದಲು ಬೈದಿದ್ದು ಟೈಮರನ್ನ. ಆ ಮೂರು ರಾತ್ರಿ ಕತ್ತಲೆಯಿಂದಲೇ ಹೀಗಾಯ್ತು ಅಂದುಕೊಂಡೆ. ಆದರೆ ಸಾಲು ಸಾಲು ನಡೆದು ಎಣಿಸಿದಾಗ ಲೆಕ್ಕ ಕೂಡಲಿಲ್ಲ. 300 ಗಿಡ ಎಣಿಸಿದೆ, 71ರಲ್ಲಿ ಮೊಗ್ಗು. ಆ 71 ಹೊಲದ ತುಂಬ ಚೆಲ್ಲಾಪಿಲ್ಲಿ ಇರಲಿಲ್ಲ, ಗುಂಪು ಗುಂಪಾಗಿದ್ದವು. ಬಲ್ಬಿನ ಬುಡದಲ್ಲಿ ಒಂದೂ ಇಲ್ಲ. ನಾಲ್ಕು ಬಲ್ಬಿನ ಮಧ್ಯೆ ಇರೋ ಜಾಗದಲ್ಲೇ ಎಲ್ಲ. ಟೈಮರ್ ಕೆಟ್ಟಾಗ ಕತ್ತಲೆ ಇಡೀ ಹೊಲಕ್ಕೆ ಒಂದೇ ಸಮ ಇತ್ತಲ್ಲ? ಹಾಗಿದ್ದರೆ ಮೊಗ್ಗೂ ಎಲ್ಲ ಕಡೆ ಬರಬೇಕಿತ್ತು. ಟೈಮರ್ ಸುಳ್ಳು ಆರೋಪಿ. ಅಸಲಿ ಕಳ್ಳ ನಾನು ಬಲ್ಬು ಕಟ್ಟಿದ ಅಂತರ.

ಪಕ್ಕದ ಹೊಲದ ಅಣ್ಣನ ಮುಖ ನೋಡೋಕೆ ಎರಡು ದಿನ ಹೋಗಲಿಲ್ಲ.

ಸಂಜೆಯೇ ಲಕ್ಸ್ ಮೀಟರ್ ತರಿಸಿದೆ, 1,350. ರಾತ್ರಿ ಹತ್ತಕ್ಕೆ ಮೀಟರಿನ ಬಿಳಿ ಗುಂಡನ್ನ ಗಿಡದ ತಲೆ ಮೇಲೆ ಆಕಾಶಕ್ಕೆ ಮುಖ ಮಾಡಿ ಇಟ್ಟೆ. ಬಲ್ಬಿನ ಕೆಳಗೆ 38. ನಾಲ್ಕರ ನಡುವೆ 18. ಆ್ಯಪ್ ಹೇಳಿದ್ದ 90 ಎಲ್ಲೂ ಇಲ್ಲ.

ಒಂದು ಅದೃಷ್ಟ: ಮೊಗ್ಗಿದ್ದಿದ್ದು ಕುಡಿಯಲ್ಲಿ, ಕುಡಿ ಹೇಗೂ ಚಿವುಟೋದೇ ಇತ್ತು. ಚಿವುಟಿದ ಮೇಲೆ ಬರೋ ಕವಲುಗಳಾದರೂ ಸರಿಯಾದ ಬೆಳಕಿನಲ್ಲಿ ಬೆಳೆಯಲಿ ಅಂತ ಮೂರೇ ದಿನದಲ್ಲಿ ಎಲ್ಲ ಬಿಚ್ಚಿ ಕಟ್ಟೋ ತೀರ್ಮಾನ.

ಡಿಸೆಂಬರ್ 29ರಿಂದ 31: ಎರಡನೇ ಸಲ

15 ಅಡಿಯ ಚೌಕ ಬಿಚ್ಚಿ 10 ಅಡಿಗೆ ತಂದೆ. ಸಾಲಿಗೆ 12, ಒಟ್ಟು 9 ಸಾಲು, 108 ಬಲ್ಬು. ಎತ್ತರ 9ರಿಂದ 6 ಅಡಿಗೆ ಇಳಿಸಿದೆ. ಔಷಧಿ ಹೊಡೆಯೋವಾಗ ತಲೆ ತಗ್ಗಿಸಿದರಾಯ್ತು. ಹೊಸದಾಗಿ 60 ಬಲ್ಬು 4,200, ಹೋಲ್ಡರ್ 900, ಒಂದು ಕಾಯಿಲ್ ವೈರು 2,600. ನಾಲ್ಕು ಕಾಯಿಲ್ ಅಂದರೆ 360 ಮೀಟರ್. ಲೆಕ್ಕಕ್ಕೆ ಸರಿಯಾಗಿತ್ತು, ಆದರೆ ಜಾಯಿಂಟು, ಜೋಲು ಅಂತ ಹೋಗಿ ಕೊನೇ ಸಾಲಿಗೆ ಎರಡು ಮೀಟರ್ ಕಡಿಮೆ ಬಿತ್ತು. ಹಳೇ ವೈರು ಜೋಡಿಸಿದೆ. ಆ ಜಾಯಿಂಟೇ ಆಮೇಲೆ ಕೈ ಕೊಟ್ಟಿದ್ದು.

31ರ ರಾತ್ರಿ ಅಳತೆ: ಬಲ್ಬಿನ ಕೆಳಗೆ 92, ನಡುವೆ 58. ನೂರಿಲ್ಲ. ಆದರೂ ಮುಂದೆ ಎಲ್ಲೂ ಅಕಾಲ ಮೊಗ್ಗು ಕಾಣಲಿಲ್ಲ, ನನ್ನ ಹೊಲಕ್ಕೆ 58 ಸಾಕಾಯ್ತು. ಬಲ್ಬು ಎತ್ತರಕ್ಕೆ ಕಟ್ಟಿದಷ್ಟೂ ಬೆಳಕು ಹರಡುತ್ತೆ ಅಂತ ನಾನಂದುಕೊಂಡಿದ್ದೆ. ಹರಡುತ್ತೆ ನಿಜ, ಗಿಡಕ್ಕೆ ಮುಟ್ಟುವಷ್ಟರಲ್ಲಿ ತೆಳ್ಳಗಾಗಿರುತ್ತೆ.

ಮೊದಲ ಲೆಕ್ಕದಲ್ಲಿ ಸಂಕ್ರಾಂತಿ ದಿನ ದೀಪ ಆರಿಸೋದಿತ್ತು. ಕವಲು ಇನ್ನೂ ಬರಬೇಕಲ್ಲ, ಜನವರಿ 20ಕ್ಕೆ ತಳ್ಳಿದೆ. ಅಲ್ಲಿಂದ ಯುಗಾದಿಗೆ 69 ದಿನ. ತುಂಡು ಬಟ್ಟೆಯಲ್ಲಿ ಅಂಗಿ ಹೊಲಿದ ಹಾಗೆ.

ಜನವರಿ 8ರಿಂದ 12, 2025: ಬಲ್ಬು ಸಾಯ್ತಾವೆ, ಟ್ರಿಪ್ ಆಗುತ್ತೆ

ಇಬ್ಬನಿ ಬೀಳೋಕೆ ಶುರುವಾದ ಮೇಲೆ ಹೋಲ್ಡರಿಗೆ ನೀರಿಳಿಯಬಾರದು ಅಂತ ನೀರಿನ ಬಾಟಲಿ ಅರ್ಧ ಕತ್ತರಿಸಿ ಟೋಪಿ ಹಾಗೆ ಬಲ್ಬಿಗೆ ತೊಡಿಸಿದ್ದೆ. ಬಲ್ಬಿನ ಕುತ್ತಿಗೆಗೆ ಬಿಗಿಯಾಗಿ ಕೂರೋ ಹಾಗೆ. ಅಗ್ಗದ ಎಲ್‌ಇಡಿ ಕುತ್ತಿಗೆಯಲ್ಲೇ ಬಿಸಿಯಾಗೋದು, ಆ ಬಿಸಿ ಹೊರಗೆ ಹೋಗೋಕೆ ದಾರಿಯಿಲ್ಲ. ಅದರ ಮೇಲೆ 8ನೇ ತಾರೀಖು ವೋಲ್ಟೇಜ್ ಏರಿಳಿತ. ಎರಡೂ ಸೇರಿ ವಾರದಲ್ಲಿ 17 ಬಲ್ಬು ಹೋದವು, 1,190 ರೂಪಾಯಿ. ಬಾಟಲಿಯನ್ನ ಮೇಲಕ್ಕೆ ಸರಿಸಿ, ಕೊಡೆ ಹಾಗೆ ಎರಡು ಇಂಚು ಗ್ಯಾಪ್ ಬಿಟ್ಟು ತಂತಿಯಲ್ಲಿ ಕಟ್ಟಿದ ಮೇಲೆ ಸಾಯೋದು ನಿಂತಿತು.

ಒಂದು ಬಲ್ಬು ಸತ್ತರೆ ಹೋಗಲಿ ಅನ್ನೋ ಹಾಗಿಲ್ಲ. ಒಂದು ಸತ್ತ ಕಡೆ ಮೀಟರಿಟ್ಟೆ: 31. ರಾತ್ರಿ ಹತ್ತಕ್ಕೆ ಒಂದು ಸುತ್ತು ಹಾಕಿ, ಸತ್ತಿದ್ದನ್ನ ಅವತ್ತೇ ಬದಲಾಯಿಸೋದು ನಿಯಮ ಮಾಡಿಕೊಂಡೆ. ಜೇಬಲ್ಲಿ ಸದಾ ಎರಡು ಬಲ್ಬು.

10ರ ರಾತ್ರಿ ಹನ್ನೆರಡೂವರೆಗೆ ಎಲ್ಲ ಆರಿತು. ಆರ್‌ಸಿಸಿಬಿ ಬಿದ್ದಿದೆ. ಏರಿಸಿದರೆ ನಿಲ್ಲಲ್ಲ. ಬೆಳಿಗ್ಗೆ ಬಿಸಿಲೇರಿದ ಮೇಲೆ ಏರಿಸಿದರೆ ನಿಲ್ಲುತ್ತೆ. ಮಾರನೇ ರಾತ್ರಿ ಮತ್ತೆ ಅದೇ ಹೊತ್ತಿಗೆ. ಇಬ್ಬನಿ ಇಳಿಯೋ ಹೊತ್ತು ಅದು, ಎಲ್ಲೋ ಒದ್ದೆಯಾಗ್ತಿದೆ ಅಂತ ಹೊಳೀತು. 12ರ ರಾತ್ರಿ ಟಾರ್ಚ್ ಹಿಡಿದು ಒಂಬತ್ತು ಸಾಲನ್ನೂ ಬಿಚ್ಚಿ, ಒಂದೊಂದೇ ಕೊಟ್ಟು ನೋಡಿದೆ. ಏಳನೆಯದರವರೆಗೆ ನಿಂತಿತು, ಎಂಟೂ ನಿಂತಿತು, ಒಂಬತ್ತು ಕೊಟ್ಟ ತಕ್ಷಣ ಠಪ್. ಆ ಎರಡು ಮೀಟರಿನ ಹಳೇ ವೈರಿನ ಜಾಯಿಂಟು. ಟೇಪು ಸಡಿಲವಾಗಿ ಜೋತು ಮಲ್ಚಿಂಗ್ ಶೀಟಿನ ಮೇಲೆ ನಿಂತ ನೀರಿಗೆ ತಾಗಿತ್ತು. ಬೆಳಗಿನ ಜಾವ ಅಪ್ಪ ಡ್ರಿಪ್ ವಾಲ್ವ್ ತಿರುಗಿಸೋಕೆ ಬರೋದು ಅದೇ ಸಾಲಿನ ತುದಿಗೆ. 1,800 ರೂಪಾಯಿಯ ಡಬ್ಬಿ ಬೇಡ ಅಂದವರಿಗೆ ಅಪ್ಪನೇ ಹೋಗಿ ಇದನ್ನ ಹೇಳಿ ಬಂದರು.

ಈ ಗಲಾಟೆಯಲ್ಲಿ ಎರಡು ರಾತ್ರಿ ಅರೆಬೆಳಕು. 20ಕ್ಕೆ ಆರಿಸೋದೇ ಇದ್ದಿದ್ದರಿಂದ ಪರವಾಗಿಲ್ಲ ಅಂತ ಬಿಟ್ಟೆ.

ಜನವರಿ 20: ಕತ್ತಲೆ

ಕವಲು ಆರು ಇಂಚು ಬಂದಿತ್ತು. ಮೇನ್ ಇಳಿಸಿದೆ. 44 ರಾತ್ರಿ, 119 ಯೂನಿಟ್. ಇಷ್ಟೆಲ್ಲ ಖರ್ಚಿನಲ್ಲಿ ಕರೆಂಟಿನದೇ ಕಡಿಮೆ. ಹಿಂದೆ 60 ವಾಟಿನ, 100 ವಾಟಿನ ತಂತಿ ಬಲ್ಬು ಕಟ್ಟೋರಲ್ಲ, ಆ ಕಾಲದಲ್ಲಿ ಇದು ಇಷ್ಟು ಹಗುರಾಗಿರಲಿಲ್ಲ.

ಫೆಬ್ರವರಿ 9: ಮೂಲೆಯ ಗಿಡಗಳು ಮಾತು ಕೇಳ್ತಿಲ್ಲ

ದೀಪ ಆರಿಸಿ 20 ದಿನಕ್ಕೆ ಹೊಲದ ತುಂಬ ಮೊಗ್ಗು. ಅಮ್ಮ ಬಂದು ನೋಡಿ ಅರಿಶಿನ ಕುಂಕುಮ ಹಾಕಿ ಹೋದರು. ಆದರೆ ರಸ್ತೆ ಕಡೆಯ ಮೂಲೆಯಲ್ಲಿ ಸುಮಾರು 250 ಗಿಡ, ಸೊಂಪಾಗಿ, ಕಪ್ಪಗೆ ಬೆಳೀತಾ ಇವೆ, ಮೊಗ್ಗಿನ ಸುಳಿವಿಲ್ಲ. ಗೊಬ್ಬರ ಜಾಸ್ತಿಯಾಯ್ತು ಅಂದರು ಒಬ್ಬರು. ತಳಿ ಬೆರಕೆ ಅಂದರು ಇನ್ನೊಬ್ಬರು. ನಾನು ನರ್ಸರಿಗೆ ಫೋನ್ ಮಾಡಿ ಜಗಳಕ್ಕೂ ನಿಂತೆ. ತಪ್ಪು ಅವರದ್ದಾಗಿರಲಿಲ್ಲ, ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಸುಳಿವು ಸಿಕ್ಕಿದ್ದು ಎಲ್ಲಿಂದ ಅಂದರೆ ಕೆನಡಾದಿಂದ. ದೊಡ್ಡಮ್ಮನ ಮಗ ಅಲ್ಲಿದ್ದಾನೆ. ಹೊಲದ ಫೋಟೋ ಕಳಿಸಿದ್ದೆ, ಭಾನುವಾರ ಫೋನ್ ಮಾಡಿದ. ಅಲ್ಲಿ 2018ರಿಂದ ಗಾಂಜಾ ಕಾನೂನಿನೊಳಗೆ ಬಂದಿದೆ, ಅವನಿರೋ ಕಡೆ ಮನೆಗೆ ನಾಲ್ಕು ಗಿಡದ ತನಕ ಬೆಳೆಸಬಹುದು. ಇಲ್ಲಿ ಒಂದು ಗಿಡ ಕಂಡರೂ ಪೊಲೀಸರು ಮನೆ ಬಾಗಿಲಿಗೆ ಬರ್ತಾರೆ, ಅದು ಬೇರೆ ಮಾತು. ಅವನ ಪಕ್ಕದ ಮನೆಯಾತ ಬಟ್ಟೆಯ ಡೇರೆಯೊಳಗೆ ಲೈಟ್ ಹಾಕಿ ಬೆಳೀತಾನಂತೆ. "ಅದೂ ನಿನ್ನ ಸೇವಂತಿಗೆ ಥರಾನೇ ಕಣೋ, 12 ಗಂಟೆ ಕತ್ತಲೆ ಕೊಟ್ಟರೇನೇ ಮೊಗ್ಗು. ಆ ಮನುಷ್ಯನ ಗಿಡ ಒಂದು ಸಲ ಮೊಗ್ಗೇ ಕಟ್ಟಲಿಲ್ಲ. ನೋಡಿದರೆ ಡೇರೆಯ ಜಿಪ್ಪಿನ ಸಂದಿಯಿಂದ ವರಾಂಡದ ಲೈಟು ನುಸುಳ್ತಾ ಇತ್ತು." ಕತ್ತಲೆ ಮಧ್ಯೆ ಹೀಗೆ ಬೆಳಕು ಬಿದ್ದರೆ ಅದರ ಹೆಣ್ಣುಗಿಡದಲ್ಲೇ ಗಂಡು ಹೂ ಬಂದು ಬೀಜ ಕಟ್ಟಿಬಿಡೋದೂ ಉಂಟಂತೆ. ನಮ್ಮ ಸೇವಂತಿಗೆಗೆ ಆ ಕಾಟವಿಲ್ಲ, ಸುಮ್ಮನೆ ಮುನಿಸಿಕೊಂಡು ಎಲೆ ಬಿಡ್ತಾ ಇರುತ್ತೆ.

ಫೋನ್ ಇಟ್ಟು ಹೊರಗೆ ಬಂದೆ. ರಸ್ತೆ ಕಂಬದ ಮೇಲೆ ಹೊಸ ಎಲ್‌ಇಡಿ ಬೀದಿದೀಪ. ಜನವರಿ ಕೊನೇ ವಾರ ಹಾಕಿ ಹೋಗಿದ್ದರು. ಮೊದಲಿದ್ದ ಟ್ಯೂಬ್‌ಲೈಟು ಕೆಟ್ಟು ಎರಡು ವರ್ಷವಾಗಿತ್ತು. ದಿನಾ ಅದರ ಕೆಳಗೇ ಓಡಾಡಿ, ಬೆಳಕು ಚೆನ್ನಾಗಾಯ್ತು ಅಂತ ಸಂತೋಷಪಟ್ಟವನೂ ನಾನೇ.

ಫೆಬ್ರವರಿ 12: ಹುಣ್ಣಿಮೆ ರಾತ್ರಿ ಅಳತೆ

ರಾತ್ರಿ ಹನ್ನೊಂದಕ್ಕೆ ಮೀಟರ್ ಹಿಡಿದು ಹೋದೆ, ಅಮ್ಮನೂ ಜೊತೆಗೆ ಬಂದರು. ಹುಣ್ಣಿಮೆ, ಬೆಳದಿಂಗಳಲ್ಲಿ ಚಪ್ಪಲಿಯ ಉಂಗುಷ್ಠ ಕಾಣುವಷ್ಟು ಬೆಳಕು.

"ತಿಂಗಳ ಬೆಳಕೇ ಇಷ್ಟಿದೆ, ಅದಕ್ಕೆ ನಿಲ್ಲದ ಮೊಗ್ಗು ಆ ಒಂದು ದೀಪಕ್ಕೆ ನಿಲ್ಲುತ್ತೇನೋ?" ಅಂದರು ಅಮ್ಮ.

ಕೇಳಬೇಕಾದ ಪ್ರಶ್ನೆಯೇ. ಹೊಲದ ನಡುವೆ ನಿಂತು ಮೀಟರ್ ಇಟ್ಟೆ: 0. ಹುಣ್ಣಿಮೆ ಚಂದ್ರನ ಬೆಳಕು ಒಂದು ಲಕ್ಸ್‌ಗೂ ಸಾಲಲ್ಲ, ನನ್ನ ಮೀಟರಿಗೆ ಅದು ಕಾಣಲ್ಲ. ಬೇಲಿ ಹತ್ತಿರ ಬೀದಿದೀಪದ ಬೆಳಕು 14. ಮೂರನೇ ಬೆಡ್ಡಿನಲ್ಲಿ 9. ಅರವತ್ತು ಅಡಿ ಒಳಗೆ 2. ಮೊಗ್ಗು ಕಟ್ಟದ ಗಿಡಗಳ ಗಡಿ ಸುಮಾರು 5 ಲಕ್ಸ್ ಇರೋ ಕಡೆಗೆ ಗೆರೆ ಎಳೆದ ಹಾಗೆ ಬಂತು. ನಾವು ನಾಲ್ಕು ಗಂಟೆ ಬೆಳಕು ಕೊಟ್ಟು 18 ಲಕ್ಸ್ ಸಾಲಲಿಲ್ಲ. ಇದು ಸಂಜೆಯಿಂದ ಬೆಳಗಿನವರೆಗೂ ಉರಿಯುತ್ತಲ್ಲ, ಇಡೀ ರಾತ್ರಿ ಉರಿದರೆ ಸ್ವಲ್ಪವೂ ಸಾಕು.

ದೀಪ ಆರಿಸಿ ಅಂತ ಕೇಳೋ ಹಾಗಿಲ್ಲ, ಹೆಣ್ಣುಮಕ್ಕಳು ಓಡಾಡೋ ದಾರಿ. ಮಾರನೇ ದಿನ ಬೇಲಿ ಉದ್ದಕ್ಕೂ ಬಿದಿರು ನೆಟ್ಟು ಎಂಟಡಿ ಎತ್ತರಕ್ಕೆ ಕಪ್ಪು ಪ್ಲಾಸ್ಟಿಕ್ ಕಟ್ಟಿದೆ. 1,600 ರೂಪಾಯಿ. ಬೇಲಿ ಒಳಗೆ 1 ಲಕ್ಸ್‌ಗೆ ಇಳೀತು. ಆ ಮೂಲೆಗೆ ಕತ್ತಲೆ ಶುರುವಾಗಿದ್ದು ಫೆಬ್ರವರಿ 13ರಿಂದ, ಅಂದರೆ ಉಳಿದ ಹೊಲಕ್ಕಿಂತ 24 ದಿನ ತಡವಾಗಿ.

ಫೆಬ್ರವರಿ 22ರಿಂದ ಮಾರ್ಚ್ 25: ನೀರು, ಬಿಸಿಲು

ಮೋಟಾರ್ ಸುಟ್ಟು ನಾಲ್ಕು ದಿನ ಡ್ರಿಪ್ ಬಂದ್. ಮೊಗ್ಗು ಬಟಾಣಿ ಗಾತ್ರ. ಗಿಡ ಸಾಯಲಿಲ್ಲ, ಆದರೆ ಕೆಳಗಿನ ಎಲೆ ಹಳದಿಯಾಗಿ ಉದುರಿದವು, ಎತ್ತರದ ಬೆಡ್ಡುಗಳಲ್ಲಿ ಹೂ ಕೊನೇವರೆಗೂ ಒಂದು ಸುತ್ತು ಚಿಕ್ಕದೇ ಆಯ್ತು. ನೀರು ಬಂದ ದಿನ ಆತುರಕ್ಕೆ ಆರು ಗಂಟೆ ಬಿಟ್ಟೆ, ಅದೂ ತಪ್ಪು. ತಗ್ಗಿನ ಬೆಡ್ಡಲ್ಲಿ ನಲವತ್ತು ಗಿಡ ಬೇರು ಕೊಳೆತು ಹೋದವು.

ಮಾರ್ಚ್‌ನಲ್ಲಿ ಹೊಲದಲ್ಲಿ ತೂಗುಹಾಕಿದ್ದ ಥರ್ಮಾಮೀಟರ್ ಮಧ್ಯಾಹ್ನ 34, 35 ತೋರಿಸ್ತಿತ್ತು. ಸೇವಂತಿಗೆಗೆ ಮೊಗ್ಗು ಕಟ್ಟಿದ ಮೇಲೂ ತಂಪು ಬೇಕು. ಸೆಕೆ ಹೆಚ್ಚಾದರೆ ಮೊಗ್ಗು ಹಾಗೇ ಕೂತುಬಿಡುತ್ತೆ, ಅರಳೋದು ನಿಧಾನ, ಅರಳಿದ ಹಳದಿಯೂ ತೊಳೆದ ಬಟ್ಟೆ ಹಾಗೆ ಪೇಲವ. ಕತ್ತಲೆಯ ದಿನ ಎಣಿಸಿದ್ದೆ, ಸೆಕೆಯ ದಿನ ಎಣಿಸಿರಲಿಲ್ಲ. 69 ದಿನ ಅಂತ ಬರೆದುಕೊಂಡಿದ್ದು ಚಳಿಗಾಲದ ಲೆಕ್ಕ. ಮಾರ್ಚಿಗೆ ಬರೋ ಹೂವಿಗೆ ಇನ್ನೊಂದು ವಾರ ಸೇರಿಸಿಕೊಳ್ಳಬೇಕಿತ್ತು.

ಮಾರ್ಚ್ 27ರಿಂದ ಏಪ್ರಿಲ್: ಕುಯ್ಲು

ಯುಗಾದಿಗೆ ಮುಂಚೆ ಮೂರು ದಿನದಲ್ಲಿ ಸಿಕ್ಕಿದ್ದು 96 ಕೆಜಿ. ಮಂಡಿಯಲ್ಲಿ ಸರಾಸರಿ 130 ರೂಪಾಯಿ. ಹೊಲದ ತುಂಬ ಅರೆಬಿರಿದ ಹೂ ನಿಂತಿದೆ, ಕುಯ್ದರೆ ತೂಕ ಇಲ್ಲ, ಬಿಟ್ಟರೆ ಹಬ್ಬ ಹೋಗುತ್ತೆ. ಆ ಎರಡು ರಾತ್ರಿ ನಿದ್ದೆ ಮಾಡಿಲ್ಲ. ಹೂವೆಲ್ಲ ಪೂರ್ತಿ ಬಿರಿದಿದ್ದು ಏಪ್ರಿಲ್ 5, 6ಕ್ಕೆ. ಆಗ ರೇಟು 60ರಿಂದ ಶುರುವಾಗಿ 35ಕ್ಕೆ ಬಂತು. 1,024 ಕೆಜಿ, ಸರಾಸರಿ 46.

ಡಿಸೆಂಬರ್‌ನಲ್ಲಿ 15 ಅಡಿಗೆ ಬದಲು 10 ಅಡಿಗೇ ಕಟ್ಟಿದ್ದರೆ ಸಂಕ್ರಾಂತಿಗೇ ದೀಪ ಆರಿಸಬಹುದಿತ್ತು. ಆರು ದಿನ ಮುಂಚೆ. ಅಷ್ಟರಲ್ಲೇ ಇದ್ದಿದ್ದು ಎಲ್ಲ. ಸಾಮಾನಿನ ಲೆಕ್ಕ ನೋಡಿದರೆ ಮೀಟರ್, ಪ್ಲಾಸ್ಟಿಕ್ ಎಲ್ಲ ಸೇರಿ 33,820. ಅದರಲ್ಲಿ ಬಿಸಾಡಿದ್ದು ಹಳೇ ಟೈಮರ್ 750 ಮತ್ತು ಸತ್ತ ಬಲ್ಬು 1,190, ಅಷ್ಟೇ. ಉಳಿದಿದ್ದೆಲ್ಲ ಅಟ್ಟದ ಮೇಲೆ ಇದೆ.

ಇನ್ನು ಆ ಮೂಲೆ. 24 ದಿನ ತಡವಾಗಿದ್ದ 250 ಗಿಡ ಏಪ್ರಿಲ್ ಕೊನೇ ವಾರ ಬಿರಿದವು. 30ಕ್ಕೆ ಅಕ್ಷಯ ತೃತೀಯ, ಊರೂರಲ್ಲಿ ಮದುವೆ. ಸುತ್ತಲಿನ ಹೊಲಗಳಲ್ಲಿ ಹೂ ಮುಗಿದಿತ್ತು. 60 ಕೆಜಿ ಸಿಕ್ಕಿತು, 95ರಂತೆ ಹೋಯ್ತು. ಕಮಿಷನ್ ಕಳೆದು ಒಟ್ಟು ಬೆಳೆಗೆ ಕೈಗೆ ಬಂದಿದ್ದು 58,755.

ಮಂಡಿಯ ಚೀಟಿ ಓದಿ ಹೇಳಿದಾಗ ಅಮ್ಮ ಹೂ ಕಟ್ತಾ ಇದ್ದರು. ತಲೆ ಎತ್ತದೆ ಅಂದರು: "ಮುಂದಿನ ಸಲ ನಾಲ್ಕೂ ಮೂಲೆಗೆ ಬೀದಿದೀಪ ಹಾಕಿಸಿಬಿಡಪ್ಪ."